ದೇವಕಿ ಕೋಂ ನಾಗಪತಿ, ಶ್ರೀವಾಣಿ ಕೋಂ ನಾಗಪತಿ

ಒಬ್ಬ ಹೆಂಡತಿಯ ಕೈಯಲ್ಲಿ ಬಾಳಿ ಬದುಕುವುದೇ ಕಷ್ಟ ಎಂಬುದು ಶಿರಸಿ ಪೇಟೆಯಲ್ಲಿ ಎಲ್ಲ ಗಂಡಸರಿಗೂ ಗೊತ್ತಿರುವ ಸಂಗತಿ. ಹೀಗಿರುವಾಗ ಬಾಂಡ್ ರೈಟರ್ ನಾಗಪತಿ ಹೆಗಡೆಗೆ ಐವತ್ತು ದಾಟಿದ ಮೇಲೆ, ಯಾವ ತಯಾರಿಯೂ ಇಲ್ಲದೆ, ಸರಕಾರಿ ದಾಖಲೆ ಸಮೇತ ಎರಡನೆಯ ಹೆಂಡತಿ ಒದಗಿ ಬಂದದ್ದು ಹೇಗೆಂದರೆ, ಅವನಿಗೆ ಹಡಗು ಹತ್ತುವ ಆಸೆಯಾಯಿತು.

ನಾಗಪತಿ ಕೂರುತ್ತಿದ್ದದ್ದು ತಹಶೀಲ್ದಾರ ಕಚೇರಿಯ ಎದುರಿನ ಮರದ ಬುಡದಲ್ಲಿ. ಒಂದು ಮೇಜು, ಒಂದು ಛತ್ರಿ, ಕಿವಿಯ ಸಂದಿಯಲ್ಲಿ ಒಂದು ಪೆನ್ನು. ಖರೀದಿ ಪತ್ರ, ಹಿಸ್ಸೆ ಪತ್ರ, ಬಾಡಿಗೆ ಕರಾರು, ಪಿಂಚಣಿ ಅರ್ಜಿ, ಏನು ಬೇಕಾದರೂ ಬರೆದುಕೊಡುತ್ತಿದ್ದ. ತಾನು ಬರೆದ ಅರ್ಜಿ ಇದುವರೆಗೆ ತಿರುಗಿ ಬಂದದ್ದಿಲ್ಲ ಎಂಬುದು ಅವನ ಬಹು ದೊಡ್ಡ ಅಭಿಮಾನ. ಒಮ್ಮೆ ಒಳಗೆ ಹೋದ ಅರ್ಜಿ ತಿರುಗಿ ಬರುವ ಪದ್ಧತಿ ಕೆಲವು ಕಚೇರಿಗಳಲ್ಲಿ ಇರುವುದೇ ಇಲ್ಲ. ಅದು ಬೇರೆ ಮಾತು.

ಹಡಗಿನ ಯೋಚನೆ ನಿಜವಾಗಿ ಅವನದಲ್ಲ, ಅವನ ಹೆಂಡತಿಯದು. ಅವಳು ತೊಡದೇವು ಎಂಬ ಸಿಹಿತಿಂಡಿ ಮಾಡಿ ಮಾರುವವಳು. ಬೋರಲು ಹಾಕಿದ ಮಡಕೆಯ ಮೇಲೆ ಹಿಟ್ಟು ಸವರಿ ಅವಳು ಎಬ್ಬಿಸುವ ತೊಡದೇವು ಎಷ್ಟು ತೆಳ್ಳಗೆಂದರೆ, ಅದನ್ನು ಕಣ್ಣಿಗೆ ಅಡ್ಡ ಹಿಡಿದು ಪತ್ರಿಕೆ ಓದಬಹುದಿತ್ತು. ಅವಳಿದ್ದ ಮಹಿಳಾ ಮಂಡಳದವರು ಎರಡು ಸಾವಿರದ ಆರನೆಯ ಇಸವಿಯಲ್ಲಿ ಒಂದು ಸಭೆ ಮಾಡಿ, ಧರ್ಮಸ್ಥಳ, ಗೋಕರ್ಣ ನೋಡಿ ನೋಡಿ ಸಾಕಾಯಿತು, ಈ ಸಲ ಕೊಚ್ಚಿಯಿಂದ ಹೊರಟು ಮಾಲ್ಡೀವ್ಸ್ ಸುತ್ತಿಸಿಕೊಂಡು ಬರುವ ಪ್ರವಾಸಿ ಹಡಗಿಗೆ ಗಂಡಂದಿರ ಸಮೇತ ಹೋಗುವುದು ಎಂದು ಠರಾವು ಪಾಸು ಮಾಡಿದರು. ತೊಡದೇವಿನ ದುಡ್ಡಿನಲ್ಲಿ ಇಬ್ಬರ ಟಿಕೇಟೂ ಆಗುತ್ತಿತ್ತು. ಮದುವೆಯಾಗಿ ಇಪ್ಪತ್ತೇಳು ವರ್ಷ, ನಾಗಪತಿ ಅವಳನ್ನು ಕರೆದುಕೊಂಡು ಹೋದದ್ದು ಒಂದೋ ಮದುವೆಮನೆಗೆ, ಇಲ್ಲದಿದ್ದರೆ ಸೂತಕದ ಮನೆಗೆ. ಅದು ಅವನ ಮನಸ್ಸಿನಲ್ಲಿ ಚುಚ್ಚುತ್ತಿರಲಿಲ್ಲ ಎಂದಲ್ಲ. ಹಡಗಿನ ಮೇಲೆ ಎರಡು ಕುರ್ಚಿ ಹಾಕಿಕೊಂಡು ಹೆಂಡತಿಯ ಪಕ್ಕದಲ್ಲಿ ಕೂತು ಸಮುದ್ರ ನೋಡಬೇಕು ಎಂದು ಅವನಿಗೆ ನಿಜಕ್ಕೂ ಬಹಳ ಆಸೆಯಾಯಿತು. ಮರುದಿನದಿಂದ ಪೇಟೆಯಲ್ಲೆಲ್ಲ, "ಆನು ಹೆಂಡತಿಯ ಹಡಗಲ್ಲಿ ಕರ್ಕಂಡು ಹೋಗ್ತೆ" ಎಂದು ಹೇಳಿಕೊಂಡು ತಿರುಗಿದ.

ಪ್ರವಾಸದ ವ್ಯವಸ್ಥೆ ಮಾಡುವ ವೈಭವ ಎಂಬ ಹುಬ್ಬಳ್ಳಿಯ ಹುಡುಗ ಟೈ ಕಟ್ಟಿಕೊಂಡು ಮಂಡಳಕ್ಕೆ ಬಂದ.

"ಎಲ್ಲಾರೂ ಪಾಸ್‌ಪೋರ್ಟ್ ಮಾಡಿಸ್ಕೋರಿ. ಹೆಸರು ಸಾಲಿ ಸರ್ಟಿಫಿಕೇಟಿನ್ಯಾಗ ಹೆಂಗ ಐತಿ ಹಂಗ ಬರೀರಿ. ಪೊಲೀಸ್ ರಿಪೋರ್ಟ್ ಸ್ವಚ್ಛ ಇದ್ದು, ಓಣಿಯವರು ಇಬ್ಬರು ಸಹಿ ಹಾಕಿಕೊಟ್ರ ನಮ್ಮ ಕಂಪನಿಯಿಂದ 'ಟ್ರಸ್ಟೆಡ್ ಟ್ರಾವೆಲರ್' ಅಂತ ಒಂದು ಕಾರ್ಡು ಕೊಡ್ತೀವ್ರಿ. ಅದು ಇದ್ದವರಿಗೆ ಬಂದರಿನ್ಯಾಗ ಬ್ಯಾರೆ ಸಾಲು. ಚೀಲಾ ಬಿಚ್ಚಿಸಂಗಿಲ್ಲ."

ನಾಗಪತಿಯ ಎದೆ ಉಬ್ಬಿತು. ಟ್ರಸ್ಟೆಡ್ ಎಂದರೆ ನಂಬಿಗಸ್ಥ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ಜನ ತಮ್ಮ ಆಸ್ತಿಪಾಸ್ತಿಯ ಗುಟ್ಟನ್ನೆಲ್ಲ ತನ್ನ ಕಿವಿಯಲ್ಲಿ ಹೇಳಿರುವಾಗ ಆ ಕಾರ್ಡು ತನಗಲ್ಲದೆ ಮತ್ತಾರಿಗೆ? "ಬಾಕಿದವ್ವು ಸಾಲಲ್ಲಿ ನಿತ್ಕಳ್ಳಿ. ಎಂಗಕ್ಕೆ ಬೇರೆ ಸಾಲು ಇದ್ದು" ಎಂದು ಮಂಡಳದ ಉಳಿದ ಗಂಡಂದಿರಿಗೆ ಮುಂಚಿತವಾಗಿಯೇ ಮರುಕ ತೋರಿಸಿದ.

ಅಂದೇ ಸಂಜೆ ಎರಡು ಅರ್ಜಿಗಳನ್ನೂ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ತಾನೇ ತುಂಬಿದ.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ಈ ಕಡೆಯ ತೋಟದ ಮನೆಗಳಲ್ಲಿ ಮದುವೆಯ ದಿನ ಮದುಮಗಳಿಗೆ ಹೊಸ ಹೆಸರು ಇಡುವ ಪದ್ಧತಿ ಹಿಂದೆ ಇತ್ತು. ಹರಿವಾಣದಲ್ಲಿ ಅಕ್ಕಿ ಹರಡಿ, ಉಂಗುರದ ತುದಿಯಿಂದ ಮದುಮಗ ಆ ಹೆಸರನ್ನು ಬರೆಯಬೇಕು. ನಾಗಪತಿ ಆಗಲೇ ಸೋದರಮಾವನ ಕೈಕೆಳಗೆ ಬಾಂಡು ಬರೆಯುವುದನ್ನು ಕಲಿಯುತ್ತಿದ್ದ. ಏನು ಬರೆಯುವುದಿದ್ದರೂ ಮೊದಲು 'ಶ್ರೀ' ಹಾಕುವುದು ಅವನ ಕೈಗೆ ಹತ್ತಿದ ಅಭ್ಯಾಸ. ಅಕ್ಕಿಯ ಮೇಲೂ ಶ್ರೀ ಎಂದು ಬರೆದುಬಿಟ್ಟ. ಮದುಮಗಳ ತವರಿನ ಹೆಸರು ದೇವಕಿ. ಅದಕ್ಕೆ ಹೊಂದುವ ಹಾಗೆ ಮನೆಯವರು ಗೊತ್ತು ಮಾಡಿಕೊಟ್ಟಿದ್ದ ಹೆಸರು ಬೇರೆ ಏನೋ ಇತ್ತು. ಆದರೆ ಬಿದ್ದ ಶ್ರೀಕಾರವನ್ನು ಅಳಿಸುವುದು ಅಪಶಕುನವೆಂದು ಪುರೋಹಿತರು ಹೇಳಿದ್ದರಿಂದ, ಶ್ರೀಯ ಮುಂದೆ ಏನಾದರೂ ಸೇರಿಸಲೇಬೇಕಾಗಿ ಬಂದು ಅವಳು ಶ್ರೀವಾಣಿಯಾದಳು. ಅಂದಿನಿಂದ ಗಂಡನ ಮನೆಯಲ್ಲಿ, ಓಣಿಯಲ್ಲಿ, ರೇಷನ್ ಕಾರ್ಡಿನಲ್ಲಿ ಅವಳು ಶ್ರೀವಾಣಿ. ಯಲ್ಲಾಪುರದ ಕಡೆಯ ಶಾಲೆಯ ಸರ್ಟಿಫಿಕೇಟಿನಲ್ಲಿ ಮತ್ತು ಅದನ್ನು ತೋರಿಸಿ ತೊಡದೇವಿನ ವ್ಯಾಪಾರಕ್ಕೆ ತೆರೆದ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ದೇವಕಿ.

ಹೆಂಡತಿಯ ಅರ್ಜಿಯಲ್ಲಿ ನಾಗಪತಿ, ಹೆಸರು: ದೇವಕಿ, ಗಂಡನ ಹೆಸರು: ನಾಗಪತಿ, ಅಂದರೆ ಬಾಂಡಿನ ಭಾಷೆಯಲ್ಲಿ ದೇವಕಿ ಕೋಂ ನಾಗಪತಿ, ಎಂದು ಬರೆದ. ತನ್ನ ಅರ್ಜಿಯಲ್ಲಿ, ಹೆಂಡತಿಯ ಹೆಸರು: ಶ್ರೀವಾಣಿ ಎಂದು ಬರೆದ. ಎರಡೂ ಸತ್ಯ. ಎರಡು ಸತ್ಯಗಳನ್ನು ಒಂದೇ ಲಕೋಟೆಯಲ್ಲಿ ಹಾಕಿ ಕಳಿಸಬಾರದು ಎಂಬುದು ಮಾತ್ರ ಅವನಿಗೆ ತಿಳಿಯಲಿಲ್ಲ.

ಕೆಲವು ವಾರಗಳ ಮೇಲೆ ವಿಚಾರಣೆಗೆ ಪೊಲೀಸ್ ಚನ್ನಬಸವ ಬಂದ. ಹಾವೇರಿ ಕಡೆಯವನು, ಶಿರಸಿಗೆ ವರ್ಗವಾಗಿ ಇನ್ನೂ ಮೂಗಿನ ಶೀತ ಬಿಟ್ಟಿರಲಿಲ್ಲ. ಅಂದು ನಾಗಪತಿ ಸಿದ್ದಾಪುರಕ್ಕೆ ಹೋಗಿದ್ದ, ಶ್ರೀವಾಣಿ ಮಂಡಳಕ್ಕೆ ಹೋಗಿದ್ದಳು. ಪಕ್ಕದ ಮನೆಯ ಗೋವಿಂದ ಭಟ್ಟರು ಜಗುಲಿಯಲ್ಲಿ ಎಲೆಯಡಿಕೆಯ ಕವಳ ಹಾಕಿಕೊಂಡು ಕೂತಿದ್ದರು.

"ನಾಗಪತಿ ಹೆಗಡೇರ ಮನಿ ಇದ ಏನ್ರಿ?"

"ಹೌದು."

"ದೇವಕಿ ಅನ್ನವ್ರು ಅದಾರೇನ್ರಿ?"

ಭಟ್ಟರಿಗೆ ಗೊತ್ತಿದ್ದದ್ದು ಶ್ರೀವಾಣಿ ಒಬ್ಬಳೇ. "ಇಲ್ಲೆ" ಎಂದರು.

ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಗೋವಿಂದ ಭಟ್ಟರ ಮನೆಮಾತಿನಲ್ಲಿ 'ಇಲ್ಲೆ' ಎಂದರೆ ಇಲ್ಲ. ಚನ್ನಬಸವನ ಕಿವಿಗೆ ಅದು ಬಿದ್ದದ್ದು 'ಇಲ್ಲೇ' ಎಂದು. ಅಂದರೆ ಇಲ್ಲಿಯೇ ಇದ್ದಾಳೆ. ಒಂದು ದೀರ್ಘಕ್ಕಾಗಿ ಸಂಸಾರಗಳು ಹಾಳಾದದ್ದನ್ನು ಪುರಾಣದಲ್ಲಿ ಕೂಡ ನಾವು ಕೇಳಿಲ್ಲ.

"ಇಲ್ಲೇ? ಇದ ಮನ್ಯಾಗ?"

"ಈ ಮನೇಲಿ ಇಲ್ಲೆ ಮಾರಾಯ."

"ಹಂಗಾರ ಶ್ರೀವಾಣಿ ಅನ್ನವ್ರು?"

"ಅದು ಇದ್ದು. ಹೆಗಡೆ ಹೆಂಡತಿ ಅಲ್ದ!"

ಚನ್ನಬಸವ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ. ದೇವಕಿ ಇಲ್ಲೇ, ಶ್ರೀವಾಣಿಯೂ ಇದ್ದಾಳೆ. ದನಿ ತಗ್ಗಿಸಿ, "ಮನ್ಯಾಗ ಜಗಳಾ ಗಿಗಳಾ ಏನರ?" ಎಂದು ಕೇಳಿದ.

"ಇಲ್ಲೆ, ಇಲ್ಲೆ."

ಜಗಳ ನಡೆಯುವುದೂ ಇಲ್ಲೇ ಎಂದು ಅವನು ಬರೆದುಕೊಂಡ.

ಎದುರು ಮನೆಯ ಗಿರಿಜವ್ವ ಬನವಾಸಿ ಕಡೆಯವಳು, ರೊಟ್ಟಿ ಬಡಿದು ಖಾನಾವಳಿಗೆ ಕೊಡುವವಳು. ತನ್ನ ಮಾತಿನವಳೊಬ್ಬಳು ಸಿಕ್ಕಿದಳೆಂಬ ಸಂತೋಷಕ್ಕೆ ಚನ್ನಬಸವ ಅಲ್ಲಿ ಚಹಾ ಕುಡಿದು, "ಹೆಗಡೇರಿಗೆ ಇಬ್ಬರು ಹೆಂಡರಂತಲ್ಲ ಅವ್ವಾರ?" ಎಂದು ಬಾಯಿ ಬಿಟ್ಟ. ಗಿರಿಜವ್ವನ ಕೈಯ ಹಿಟ್ಟು ಕೆಳಗೆ ಬಿತ್ತು.

"ಯವ್ವಾ! ಅದಕ್ಕ ನೋಡ್ರಿ! ಒಬ್ಬಾಕಿ ಇರೂ ಮನ್ಯಾಗ ಹಗ್ಗದ ಮ್ಯಾಲೆ ಅಷ್ಟು ಸೀರಿ ಯಾಕ ಒಣಗತಾವು ಅಂತ ನಾನೂ ಎಷ್ಟೋ ಸಲ ಅನ್ಕೊಂಡೇನಿ."

ಕತ್ತಲಾಗುವುದರೊಳಗೆ ಸುದ್ದಿ ಬಸ್‌ಸ್ಟ್ಯಾಂಡಿಗೆ ಹೋಯಿತು. ಅಲ್ಲಿಂದ ಸಿಕ್ಕ ಸಿಕ್ಕ ಬಸ್ಸು ಹತ್ತಿ ಮೂರೂ ತಾಲೂಕಿಗೆ ಹೊರಟಿತು. ಬೆಳಿಗ್ಗೆ ನಾಗಪತಿ ತನ್ನ ಮರದ ಬುಡಕ್ಕೆ ಬರುವಾಗ ಎಕ್ಕಂಬಿಯ ಶಿವಲಿಂಗಪ್ಪ ಎಂಬ ಹಳೆಯ ಗಿರಾಕಿ ಕಾದು ಕೂತಿದ್ದ. ಯಾವ ಕಾಗದವನ್ನೂ ತಂದಿರಲಿಲ್ಲ.

"ಬರ್ಯಾಕ ಏನಿಲ್ರಿ. ನಿಮ್ಮ ಕೂಡ ಒಂದು ಮಾತು ಕೇಳೂದೈತಿ. ಇಬ್ಬರನ್ನ ಒಂದ ಮನ್ಯಾಗ ಇಟ್ಟೀರಿ, ಓಣಿಗೆ ಒಂದು ಸಪ್ಪಳಿಲ್ಲ. ನಮಗ ಒಬ್ಬಾಕೀನ ಸಂಭಾಳಸಾಕ ಆಗವಲ್ದು. ಅದೇನು ಯುಕ್ತಿ, ನಮಗೂ ಹೇಳ್ರಿ."

ನಾಗಪತಿಗೆ ಅರ್ಥವಾಗಲಿಲ್ಲ. ಮಧ್ಯಾಹ್ನ ಮನೆಗೆ ಹೋದಾಗ ಅರ್ಥವಾಯಿತು. ಮತ್ತಿಘಟ್ಟದಿಂದ ಅವನ ಮುದಿ ಅತ್ತೆ, ಅಂದರೆ ಅಪ್ಪನ ತಂಗಿ, ಬಂದು ಕೂತಿದ್ದಳು. ಮಡಿಲಲ್ಲಿ ಅರಿಶಿನ ಕುಂಕುಮ, ಒಂದು ಖಣ, ಒಂದು ತೆಂಗಿನಕಾಯಿ.

"ಆನು ಬೈಯ್ಯಲೆ ಬಂದದ್ದಲ್ಲ ಮಾಣಿ. ತಂದದ್ದು ತಂದಾತು. ಹೊಸ ಹೆಣ್ಣಿಗೆ ಉಡಿ ತುಂಬದೇ ಹೋಪಲಾಗ. ಎಲ್ಲಿದ್ದು ಅದು? ಒಳಗೆ ಇದ್ದ? ಕರಿ ಒಂದು ಸರ್ತಿ."

"ಅತ್ತೇ, ಯಾವ ಹೊಸ ಹೆಣ್ಣು? ಎಂತದೂ ಇಲ್ಲೆ!"

"ನಾಚಿಕೆ ಮಾಡಡ. ನಿನ್ನ ಅಜ್ಜಂಗೂ ಇಬ್ರು ಇದ್ದಿದ್ದ."

ಶ್ರೀವಾಣಿ ಒಳಗಿನಿಂದ ಬಂದು ಮಣೆ ಹಾಕಿ ಕೂತಳು. "ಆನೇ ಅತ್ತೆ, ಹಳೇದೂ ಆನೇ, ಹೊಸದೂ ಆನೇ. ಉಡಿ ತುಂಬಿ" ಎಂದಳು. ನಕ್ಕೂ ನಕ್ಕೂ ಅವಳ ಕಣ್ಣಲ್ಲಿ ನೀರು ಬಂತು. ಅತ್ತೆ ಖಣವನ್ನು ಅವಳಿಗೆ ಕೊಟ್ಟರೂ ಹೋಗುವಾಗ ಅಡುಗೆಮನೆ, ಉಗ್ರಾಣ, ಬಚ್ಚಲುಗಳನ್ನೆಲ್ಲ ಇಣುಕಿ ನೋಡಿಯೇ ಹೋದಳು. ಹೆಂಡತಿಯ ನಗುವಿನಿಂದ ನಾಗಪತಿಗೆ ಸ್ವಲ್ಪ ಧೈರ್ಯ ಬಂತು. ಇದೆಲ್ಲ ಒಂದು ಮಾತಿನಲ್ಲಿ ಬಗೆಹರಿಯುವ ಸಂಗತಿ ಎಂದುಕೊಂಡು ಠಾಣೆಗೆ ಹೋದ. ಚನ್ನಬಸವ ತಾನು ಬರೆದುಕೊಂಡ ಭಟ್ಟರ ಮಾತನ್ನು ಓದಿ ಹೇಳಿದಾಗ ತಪ್ಪು ಎಲ್ಲಿ ಆಯಿತೆಂದು ಹೊಳೆಯಿತು.

"ಪೊಲೀಸಪ್ಪ, ನಮ್ಮ ಮಾತಲ್ಲಿ 'ಇಲ್ಲೆ' ಹೇಳಿರೆ ಇಲ್ಲ ಹೇಳಿ."

ಚನ್ನಬಸವ ಯೋಚಿಸಿದ. "ಹಂಗಾರ ದೇವಕಿ ಅನ್ನಾಕಿ ಇಲ್ಲ. ಸುಳ್ಳು ಹೆಸರಿನ್ಯಾಗ ಪಾಸ್‌ಪೋರ್ಟಿಗೆ ಹಾಕೀರಿ?"

"ಛೇ ಛೇ, ದೇವಕಿ ಇದ್ದು!"

"ಎಲ್ಲಿ?"

"ಯನ್ನ ಮನೇಲಿ."

"ಶ್ರೀವಾಣಿ?"

"ಅದೂ ಯನ್ನ ಮನೇಲೇ."

"ನಾ ಬರದದ್ದೂ ಅದನ್ನ ಅಲ್ಲೇನ್ರಿ!"

"ಇಬ್ರೂ ಒಬ್ಬಳೇ, ಮಾರಾಯ!"

"ಇಬ್ಬರನ್ನ ಮಾಡಿಕೊಂಡವರೆಲ್ಲಾ ಹಂಗ ಅಂತಾರ್ರಿ. ನನಗ ಇಬ್ಬರೂ ಒಂದ, ಭೇದ ಮಾಡಂಗಿಲ್ಲ ಅಂತ. ಒಂದು ಕೆಲಸ ಮಾಡ್ರಿ. ನೀವು ಬರಿಯವ್ರು. ಏನೈತಿ ಅದನ್ನ ಬಾಂಡಿನ ಮ್ಯಾಲೆ ಬರದು ಕೊಡ್ರಿ. ನಾ ಲಗತ್ತು ಮಾಡತೇನಿ."

ಬರೆದು ಕೊಡಿ ಎಂದರೆ ನಾಗಪತಿಗೆ ಆನೆಬಲ. ಆದರೆ ಅವನ ಕೈ ಮೂವತ್ತು ವರ್ಷಗಳಿಂದ ಬರೆದದ್ದು ಜಮೀನಿನ ಕಾಗದ. ಆ ಕೈಗೆ ಹೆಂಡತಿಯ ವಿಷಯ ಬರೆಯಲು ಬೇರೆ ಭಾಷೆ ಗೊತ್ತಿರಲಿಲ್ಲ. ಬಾಂಡ್ ಕಾಗದದ ಮೇಲೆ ಅವನು ಬರೆದದ್ದು ಹೀಗೆ:

"ಶ್ರೀ. ಸತ್ಯಪ್ರತಿಜ್ಞೆ ಮಾಡಿ ಬರೆದುಕೊಟ್ಟ ಪ್ರತಿಜ್ಞಾಪತ್ರ ಏನೆಂದರೆ, ಸದರಿ ದೇವಕಿ ಕೋಂ ನಾಗಪತಿ ಹಾಗೂ ಸದರಿ ಶ್ರೀವಾಣಿ ಕೋಂ ನಾಗಪತಿ ಇವರುಗಳು ಉಭಯತರೂ ನನ್ನ ಧರ್ಮಪತ್ನಿಯಾಗಿದ್ದು, ವಿವಾಹಪೂರ್ವದಲ್ಲಿ ದೇವಕಿಯೂ ವಿವಾಹಾನಂತರದಲ್ಲಿ ಶ್ರೀವಾಣಿಯೂ ಇದ್ದು, ಸದರಿಯವರೊಂದಿಗೆ ಇಪ್ಪತ್ತೇಳು ವರ್ಷಗಳಿಂದ ಯಾರ ಆತಂಕವೂ ಇಲ್ಲದೆ ಸಂಸಾರ ವಹಿವಾಟು ಮಾಡಿಕೊಂಡು ಬಂದಿರುತ್ತೇನೆ. ಸದರಿ ಉಭಯತರಲ್ಲಿ ಯಾವ ತಂಟೆ ತಕರಾರೂ ಇರುವುದಿಲ್ಲ. ಮುಂದೆ ಉದ್ಭವಿಸಿದಲ್ಲಿ ಅದಕ್ಕೆ ನಾನೇ ಜವಾಬ್ದಾರನು."

ಬರೆದು ಮುಗಿಸಿ ತಾನೇ ಎರಡು ಸಲ ಓದಿ ತಲೆದೂಗಿದ. ಒಂದೂ ಕಾಗುಣಿತದ ತಪ್ಪಿರಲಿಲ್ಲ. ಠಾಣೆಯ ಸಾಹೇಬರು ಅದನ್ನು ಓದಿ, ಮತ್ತೊಮ್ಮೆ ಓದಿ, "ಇಷ್ಟು ಪ್ರಾಮಾಣಿಕ ಮನುಷ್ಯನನ್ನು ನಾನು ನೋಡಿರಲಿಲ್ಲ" ಎಂದು ಹೇಳಿ ಕಾರವಾರದಲ್ಲಿರುವ ಜಿಲ್ಲೆಯ ದೊಡ್ಡ ಸಾಹೇಬರಿಗೆ ಕಳಿಸಿದರು.

ಅಷ್ಟರಲ್ಲಿ ವೈಭವನ ಕಾರ್ಡಿಗೆ ಓಣಿಯವರ ಸಹಿ ಬೇಕಾಗಿತ್ತು. ನಾಗಪತಿ ಗೋವಿಂದ ಭಟ್ಟರ ಜಗುಲಿ ಹತ್ತಿದ. ಭಟ್ಟರು ಕನ್ನಡಕ ಹುಡುಕಿದರು, ಪೆನ್ನು ಹುಡುಕಿದರು, ಕೊನೆಗೆ, "ಹೆಗಡೆ, ನಿನ್ನ ಮೇಲೆ ಯಂಗೆ ಎಂತ ಸಿಟ್ಟೂ ಇಲ್ಲೆ. ಆದ್ರೆ ನಂಬಿಗಸ್ಥ ಹೇಳಿ ಸಹಿ ಹಾಕು ಹೇಳಿರೆ ಹೆಂಗೆ? ಗೋಡೆ ಆಚೆ ಇಷ್ಟು ವರ್ಷ ಇದ್ದೂ ಯಂಗೆ ಒಂದು ಮಾತು ಹೇಳಿದ್ದಿಲ್ಯಲ ನೀನು" ಎಂದರು. ಗಿರಿಜವ್ವ ಬಾಗಿಲನ್ನೇ ತೆಗೆಯಲಿಲ್ಲ. ಆದರೆ ಅದೇ ಸಂಜೆ ಶ್ರೀವಾಣಿಯ ಕಾಗದಕ್ಕೆ ಸಹಿ ಹಾಕಲು ಓಣಿಗೆ ಓಣಿಯೇ ಬಂತು. ಇಬ್ಬರ ಸಹಿ ಸಾಕಾಗಿದ್ದಲ್ಲಿ ಕಾಗದದ ಹಿಂಭಾಗವೂ ತುಂಬಿತು. ಮೇಲಿದ್ದ ದೇವಕಿ ಎಂಬ ಹೆಸರನ್ನು ಯಾರೂ ಓದಲಿಲ್ಲ. "ಇಂಥಾ ಗಂಡನ್ನ ಕಟಿಗೊಂಡು ಒಂದ ಒಂದು ದಿನ ಮಾರಿ ಸಣ್ಣದು ಮಾಡಿಲ್ಲ ನಮ್ಮವ್ವ. ಈಕೀನ್ನ ನಂಬದ ಯಾರನ್ನ ನಂಬೂಣು?" ಎಂದು ಗಿರಿಜವ್ವ ಕಣ್ಣೊರೆಸಿಕೊಂಡು ಹೆಬ್ಬೆಟ್ಟು ಒತ್ತಿದಳು.

ನಾಗಪತಿಗೆ ಅಂದು ಊಟ ಸೇರಲಿಲ್ಲ. ಮೂರು ತಾಲೂಕಿನ ಗುಟ್ಟು ಕಾಪಾಡಿದವನನ್ನು ಪಕ್ಕದ ಮನೆಯವನು ನಂಬಲಿಲ್ಲ ಎಂಬುದರಿಂದ ಅವನಿಗೆ ಬಹಳ ನೋವಾಯಿತು.

ಹಡಗಿಗೆ ಇನ್ನು ಕೆಲವೇ ದಿನ ಇರುವಾಗ ಇಬ್ಬರಿಗೂ ಕಾರವಾರಕ್ಕೆ ಕರೆ ಬಂತು. ಘಟ್ಟ ಇಳಿಯುವ ಬಸ್ಸಿನಲ್ಲಿ ನಾಗಪತಿ ಹೆಂಡತಿಗೆ ಪಾಠ ಹೇಳಿಕೊಟ್ಟ. "ಎಂತ ಕೇಳಿದ್ರೂ, ಎರಡೂ ಆನೇ ಹೇಳಿ ಹೇಳು. ಮುಗತ್ತು." ಅವಳು ಕಿಟಕಿಯ ಹೊರಗೆ ನೋಡುತ್ತ, "ಇಷ್ಟು ದಿನ ಎಲ್ಲರ ಹತ್ರಾನೂ ಹೇಳಿದ್ರಿ, ಬರದ್ರಿ. ಯನ್ನ ಯಾರೂ ಕೇಳಿದ್ದೇ ಇಲ್ಲೆ. ಇವತ್ತು ಕೇಳ್ತ, ಆನು ಹೇಳ್ತೆ" ಎಂದಳು.

ದೊಡ್ಡ ಸಾಹೇಬರ ಕೋಣೆಯ ಬಾಗಿಲಲ್ಲಿ ಜವಾನ, "ದೇವಕೀ!" ಎಂದು ಕೂಗಿದ. ನಾಗಪತಿ ಯಾರೋ ಬೇರೆಯವರನ್ನು ಕರೆದರೆಂದು ಸುಮ್ಮನೆ ಕೂತಿದ್ದ. ಅವನ ಹೆಂಡತಿ ಮಾತ್ರ ಶಾಲೆಯ ಹುಡುಗಿಯ ಹಾಗೆ ಚಟ್ಟನೆ ಎದ್ದು ನಿಂತಳು. ಆ ಹೆಸರಿನಿಂದ ಅವಳನ್ನು ಕರೆಯುತ್ತಿದ್ದ ಅಪ್ಪ ಅಮ್ಮ ಇಬ್ಬರೂ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಅವಳ ಮುಖ ಕೆಂಪಾದದ್ದನ್ನು ನಾಗಪತಿ ನೋಡಿದ. ಯಾಕೋ ಅವನಿಗೆ ಹೆದರಿಕೆಯಾಯಿತು.

"ನಿಮ್ಮ ಹೆಸರೇನಮ್ಮ?" ಎಂದು ಸಾಹೇಬರು ಕೇಳಿದರು.

"ದೇವಕಿ."

"ಇವರು ನಿಮಗೆ ಏನಾಗಬೇಕು?"

"ಯನ್ನ ಯಜಮಾನ್ರು."

"ಹಾಗಾದರೆ ಈ ಶ್ರೀವಾಣಿ ಯಾರು?"

ಅವಳು ಒಂದು ಗಳಿಗೆ ಗಂಡನ ಕಡೆಗೆ ತಿರುಗಿ ನೋಡಿದಳು. ಆಮೇಲೆ ನಿಧಾನವಾಗಿ ಹೇಳಿದಳು: "ಅದು ಇವ್ರು ಬರ್ಕಂಡದ್ದು. ಯನ್ನ ಕೇಳಿ ಬರದ್ದಲ್ಲ. ಅದರ ವಿಷಯ ಇವ್ರನ್ನೇ ಕೇಳಿ."

ಸಾಹೇಬರು ತಲೆಯಾಡಿಸಿದರು. ಇಷ್ಟು ವರ್ಷ ನುಂಗಿಕೊಂಡು ಬಂದ ಹೆಣ್ಣುಮಗಳು ಎಂದು ಅವರ ಕಣ್ಣಲ್ಲಿ ಕರುಣೆ ತುಂಬಿತು. "ನಿಮ್ಮ ದಾಖಲೆ ಎಲ್ಲ ಸರಿಯಾಗಿದೆ ತಾಯಿ. ನೀವು ಹೋಗಿ ಬನ್ನಿ." ನಾಗಪತಿಯ ಕಡೆಗೆ ತಿರುಗುವಾಗ ಆ ಕರುಣೆ ಉಳಿದಿರಲಿಲ್ಲ. "ನಿಮ್ಮದನ್ನು ಈಗ ಬಿಡಲಾಗುವುದಿಲ್ಲ. ಶ್ರೀವಾಣಿಯವರ ಹೇಳಿಕೆ ಬೇಕು. ಅವರನ್ನು ಕರೆದುಕೊಂಡು ಬನ್ನಿ."

"ಸ್ವಾಮೀ, ಇದೇ ಶ್ರೀವಾಣಿ! ಇಲ್ಲೇ ನಿಂತಿದ್ದಾಳೆ!"

"ಇವರು ದೇವಕಿ. ಈಗ ತಾನೇ ಹೇಳಿದರಲ್ಲ."

"ಇವಳೇ ಅವಳು! ಆ ಹೆಸರು ಸುಮ್ಮನೆ ಅಕ್ಕಿಯ ಮೇಲೆ ಬರೆದದ್ದು ಸ್ವಾಮೀ!"

"ಅಕ್ಕಿಯ ಮೇಲೆ ಬರೆದದ್ದು ನನಗೆ ಗೊತ್ತಿಲ್ಲ. ಬಾಂಡಿನ ಮೇಲೆ ನೀವು ಪ್ರತಿಜ್ಞೆ ಮಾಡಿ ಬರೆದದ್ದು ಇಲ್ಲಿದೆ. ಎಂಥ ಅಕ್ಷರ! ಯಾರ ಹತ್ತಿರ ಬರೆಸಿದಿರಿ?"

ಜೀವಮಾನದಲ್ಲಿ ಮೊದಲ ಸಲ, ಆ ಕಾಗದ ಬರೆದವನು ತಾನೆಂದು ಹೇಳಿಕೊಳ್ಳಲು ನಾಗಪತಿಗೆ ಬಾಯಿ ಬರಲಿಲ್ಲ.

ತಿರುಗಿ ಬರುವಾಗ ಬಸ್ಸು ದೇವಿಮನೆ ಘಟ್ಟ ದಾಟಿದ ಮೇಲೆ ಅವನು, "ಎಂತಕ್ಕೆ ಹಾಂಗೆ ಹೇಳಿದೆ?" ಎಂದು ಕೇಳಿದ. "ಸುಳ್ಳು ಹೇಳಿದ್ನ?" ಎಂದು ಅವಳು ಕೇಳಿದಳು. ಅವನು ಬಹಳ ಹೊತ್ತು ಹುಡುಕಿದ. ಅವಳು ಹೇಳಿದ್ದರಲ್ಲಿ ಒಂದೇ ಒಂದು ಸುಳ್ಳು ಅವನಿಗೆ ಸಿಕ್ಕಲಿಲ್ಲ.

ಹೊರಡುವ ದಿನ ಮಂಡಳದವರೆಲ್ಲ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಸೇರಿದರು. ಹನ್ನೊಂದು ಜನ ಗಂಡಂದಿರು ಹೊಸ ಟೊಪ್ಪಿಗೆ ಹಾಕಿಕೊಂಡು ನಗುತ್ತಿದ್ದರು. ಹನ್ನೆರಡನೆಯವನು ಹೆಂಡತಿಯ ಚೀಲ ಹಿಡಿದುಕೊಂಡು ನಿಂತಿದ್ದ. ವೈಭವ ಬಂದು ಅವಳ ಕೊರಳಿಗೆ ನಂಬಿಗಸ್ಥರ ಕಾರ್ಡು ಹಾಕಿ, "ದೇವಕಿ ಮೇಡಂ, ನಿಮಗ ಬ್ಯಾರೆ ಸಾಲು" ಎಂದ. ಹೆಂಗಸರೆಲ್ಲ "ಬಾರೇ ದೇವಕೀ, ಕಿಟಕಿ ಹತ್ರ ಜಾಗ ಇಟ್ಟಿದ್ಯ" ಎಂದು ಒಳಗಿನಿಂದ ಕೂಗಿದರು. ಇಷ್ಟು ಜನರ ಬಾಯಲ್ಲಿ ಆ ಹೆಸರು ಇಷ್ಟು ಬೇಗ ಹೇಗೆ ಹತ್ತಿತೋ ನಾಗಪತಿಗೆ ತಿಳಿಯಲಿಲ್ಲ.

ಅವನು ಚೀಲವನ್ನು ಮೇಲೆ ಕೊಡುತ್ತ, "ಜೋಡಿ ಕುರ್ಚೀಲಿ ಕೂತು ಸಮುದ್ರ ನೋಡವು ಹೇಳಿ ಆನು ಆಸೆ ಮಾಡಿದ್ದಿ" ಎಂದ. ಅಷ್ಟು ದಿನದಲ್ಲಿ ಅವನು ಯಾವ ಶ್ರೀಕಾರವೂ ಇಲ್ಲದೆ ಆಡಿದ ಮಾತು ಅದೊಂದೇ.

ಅವಳ ಮುಖ ಒಂದು ಕ್ಷಣ ಸಣ್ಣದಾಯಿತು. "ಯಂಗೂ ಹಾಂಗೇ ಇತ್ತು" ಎಂದಳು. ಬಸ್ಸು ಗುಡುಗಿತು. ಅವಳು ಕಿಟಕಿಯಿಂದ ಬಗ್ಗಿ, "ಬೇಜಾರು ಮಾಡ್ಕ್ಯಳಡಿ. ಆನು ಹೋಗ್ತೆ, ಅಷ್ಟೇ. ನಿಂಗಳ ಶ್ರೀವಾಣಿ ಮನೇಲೇ ಇದ್ದಲಿ. ಅದಕ್ಕೆ ಪಾಸ್‌ಪೋರ್ಟ್ ಇಲ್ಲೆ. ಊಟ ತಿಂಡಿ ಎಲ್ಲ ಅದೇ ಮಾಡಿ ಹಾಕ್ತು" ಎಂದಳು.

ಬಸ್ಸಿನಲ್ಲಿದ್ದ ಎಲ್ಲರೂ ನಕ್ಕರು. ನಾಗಪತಿಯೂ ನಗಲು ನೋಡಿದ.

ಮನೆಗೆ ನಡೆದು ಬರುವಾಗ ಗಿರಿಜವ್ವ ಬಾಗಿಲಲ್ಲೇ ನಿಂತಿದ್ದಳು. "ದೊಡ್ಡಾಕಿ ಹೋದ್ಲೇನ್ರಿ? ಹೋಗಲಿ ಬಿಡ್ರಿ, ಪಾಪ. ನಿಮಗೇನು, ಸಣ್ಣಾಕಿ ಅದಾಳಲ್ಲ ಮನ್ಯಾಗ" ಎಂದಳು. ಅವನು ಬೀಗ ತೆಗೆದು ಒಳಗೆ ಹೋದ. ಸರಕಾರದ ಕಡತದಲ್ಲಿ ಇಬ್ಬರು ಹೆಂಡಿರ ಗಂಡನಾದ ನಾಗಪತಿ ಹೆಗಡೆ, ಅಕ್ಕಿ ಡಬ್ಬ ಯಾವ ನಾಗಂದಿಗೆಯ ಮೇಲಿದೆಯೆಂದು ಬಹಳ ಹೊತ್ತು ಹುಡುಕಿ, ಆ ಸಂಜೆ ಒಬ್ಬನೇ ಅನ್ನಕ್ಕೆ ಇಟ್ಟ.